ಖಾಲಿ ಡಬ್ಬಿ ಕೊಟ್ಟ ಅಕ್ಕೋರು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಅಗಸಿ ಹುರಿಯುತ್ತಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಕೆಲಸ ಬಿಟ್ಟು ಹಾಗೇ ಕುಳಿತುಬಿಟ್ಟೆ. ಹುಮನಾಬಾದಿನ ಈ ಮನೆ, ಹೊರಗೆ ಹಾರ್ನ್ ಹೊಡೆಯುವ ಲಾರಿಗಳು, ಒಲೆಯ ಮೇಲಿನ ಹಾಲು... ಎಲ್ಲವೂ ಸ್ವಲ್ಪ ಹೊತ್ತು ಎಲ್ಲಿಗೋ ಸರಿದು ಹೋದವು. ನಾನು ಹದಿನಾರರ ಹುಡುಗಿಯಾಗಿ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನಿಂತಿದ್ದೆ. ಎದುರಿನಿಂದ ಅಕ್ಕೋರು ಬರುತ್ತಿದ್ದರು, ಸೆರಗಿನ ಮರೆಯಲ್ಲಿ ಡಬ್ಬಿ ಹಿಡಿದುಕೊಂಡು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಇವರು ನನಗೂ ಕಲಿಸಿದವರು. ಎರಡು ಓಣಿ ಆಚೆ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರೂ ಮಾತಾಡುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಆಳು ಸಣ್ಣ, ದನಿ ದೊಡ್ಡದು. ಮಗ್ಗಿ ತಪ್ಪಿದವರಿಗೆ ಹೊಡೆಯುತ್ತಿರಲಿಲ್ಲ, ಆದರೆ ಸರಿಯಾಗಿ ಹೇಳುವ ತನಕ ಮನೆಗೂ ಬಿಡುತ್ತಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಅವ್ವನ ಬಲಗಾಲಿನ ಹೆಬ್ಬೆರಳಿಗೆ ಕಲ್ಲು ತಾಗಿ ಆದ ಗಾಯ ತಿಂಗಳುಗಟ್ಟಲೆ ಮಾಯಲೇ ಇಲ್ಲ. ಅಪ್ಪ ಅವಳನ್ನು ಬಸ್ಸಿನಲ್ಲಿ ಹುಮನಾಬಾದಿಗೆ ಕರೆದುಕೊಂಡು ಹೋದರು, ಜೊತೆಗೆ ನಾನೂ ಹೋದೆ. ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರು ಗಾಯ ಕಟ್ಟಿ, ಗುಳಿಗೆ ಕೊಟ್ಟು, ಕೊನೆಗೆ ಹೇಳಿದರು: “ಈ ಸಲ ಮಾಯ್ತದ್ರಿ ಅವ್ವಾರ. ಆದ್ರ ದಿನಾ ನಡೀಬೇಕು, ಸಿಹಿ ಬಿಡಬೇಕು. ಇಲ್ಲಂದ್ರ ಮುಂದಿನ ಸಲ ಕಾಲು ಉಳಿಯಂಗಿಲ್ಲ.” ತಿರುಗಿ ಬರುವಾಗ ಅವ್ವ ಬಸ್ಸಿನ ಕಿಟಕಿಯ ಹೊರಗೇ ನೋಡುತ್ತಿದ್ದಳು.

ನಡೆಯಿರಿ ಅಂತ ಹೇಳುವುದು ಡಾಕ್ಟರಿಗೆ ಸುಲಭ. ಹೊಲಮನೆ ಇದ್ದ ಮನೆತನದ ಸೊಸೆ ಕೆಲಸವಿಲ್ಲದೆ ಓಣಿಯಲ್ಲಿ ಹೇಗೆ ನಡೆಯಬೇಕು? ಗುಡಿಗೆ ಹೋಗಬಹುದಿತ್ತು, ಸತ್ತವರ ಮನೆಗೆ ಹೋಗಬಹುದಿತ್ತು, ಬಾಣಂತಿಯನ್ನು ನೋಡಲು ಹೋಗಬಹುದಿತ್ತು. ಸುಮ್ಮನೆ ನಡೆಯುವ ಹೆಂಗಸನ್ನು ಕಂಡರೆ ಊರು ಎರಡೇ ಮಾತು ಆಡುತ್ತಿತ್ತು: ಒಂದೋ ಮನೆಯಲ್ಲಿ ಜಗಳ, ಇಲ್ಲವೇ ತಲೆ ಕೆಟ್ಟಿದೆ. ಅಂಗಳದಲ್ಲೇ ತಿರುಗು ಅಂತ ಅಪ್ಪ ಹೇಳಿದರು. ಅವ್ವ ಎರಡು ದಿನ ತಿರುಗಿದಳು. ಮೂರನೆಯ ದಿನ “ನಾ ಏನ್ ಗಾಣದ ಎತ್ತೇನ್ರಿ?” ಅಂತ ಕುಳಿತುಬಿಟ್ಟಳು. ಸಿಹಿಯ ಮಾತಂತೂ ಬೇಡವೇ ಬೇಡ. ನಮ್ಮ ಮನೆಯ ಚಹಾ ಅಂದರೆ ಬೆಲ್ಲದ ಪಾಕ.

ಆಗ ಬಂತು ಆ ಡಬ್ಬಿ. ಕಲಾಯಿ ಹಾಕಿದ ಹಿತ್ತಾಳೆ ಡಬ್ಬಿ, ಮುಚ್ಚಳ ಸ್ವಲ್ಪ ನಗ್ಗಿತ್ತು. ಒಳಗೆ ಮೆಂತ್ಯ ಪಲ್ಯ, ಒಂದು ಮೂಲೆಯಲ್ಲಿ ಎಲೆಯಲ್ಲಿ ಕಟ್ಟಿದ ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ. “ಹೆಚ್ಚಾಗಿತ್ರಿ ವೈನಿ, ಒಬ್ಬಾಕಿ ಎಷ್ಟಂತ ತಿನ್ನಲಿ” ಅಂದರು ಅಕ್ಕೋರು. ಹೋಗುವಾಗ ಹೊಸ್ತಿಲಲ್ಲಿ ತಿರುಗಿ, “ಡಬ್ಬಿ ನೀವೇ ತರ್ರಿ. ಮಾತಾಡಾಕ ಮನ್ಯಾಗ ಯಾರೂ ಇಲ್ಲ ನನಗ” ಅಂತ ಸೇರಿಸಿದರು.

ಬಂದ ಪಾತ್ರೆಯನ್ನು ನಮ್ಮಲ್ಲಿ ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಕಾಳನ್ನಾದರೂ ಹಾಕಿ ಕೊಡಬೇಕು. ಖಾಲಿ ಕೊಟ್ಟರೆ, ನಿಮ್ಮ ನಮ್ಮ ಸಂಬಂಧ ಇಲ್ಲಿಗೆ ಮುಗಿಯಿತು ಅಂತ ಬಾಯಿಬಿಟ್ಟು ಹೇಳಿದಂತೆಯೇ. ಅವ್ವ ಇಂಥ ರೀತಿ ರಿವಾಜುಗಳಲ್ಲಿ ಬಹಳ ಕಟ್ಟುನಿಟ್ಟು. ಮರುದಿನವೇ ಶೇಂಗಾ ಹೋಳಿಗೆ ಮಾಡಿ, ಡಬ್ಬಿ ತುಂಬಿಕೊಂಡು, ಕುಂಟುತ್ತಾ ಎರಡು ಓಣಿ ದಾಟಿ ಹೋಗಿ ಕೊಟ್ಟು ಬಂದಳು. ಕೈಯಲ್ಲಿ ಡಬ್ಬಿ ಇದ್ದ ಹೆಂಗಸನ್ನು ಎಲ್ಲಿಗೆ ಹೊರಟೆ ಅಂತ ಯಾರೂ ಕೇಳುವುದಿಲ್ಲ. ಅದರ ಮರುದಿನ ಡಬ್ಬಿ ಮತ್ತೆ ತುಂಬಿ ನಮ್ಮ ಮನೆಗೆ ಬಂತು.

ಹೀಗೆ ಶುರುವಾಯಿತು. ಈಗ ನೆನೆಸಿಕೊಂಡರೆ ಆ ದಿನಗಳೆಲ್ಲ ಒಂದೇ ಉದ್ದನೆಯ ಸಂಜೆಯ ಹಾಗೆ ಕಾಣುತ್ತವೆ... ಅವ್ವ ಹೋಗುತ್ತಿದ್ದಾಳೆ, ಅವ್ವ ಬರುತ್ತಿದ್ದಾಳೆ, ಕೆಂಪು ಇಳಕಲ್ ಸೀರೆಯ ಅಂಚಿಗೆ ಧೂಳು. ಕೆಲವು ವಾರ ಕಳೆದ ಮೇಲೆ ಅಕ್ಕೋರು ಸಂಜೆ ಮನೆಯಲ್ಲಿ ಸಿಗುವುದನ್ನು ಬಿಟ್ಟರು. “ನಾ ಸಾಲ್ಯಾಗ ಇರತೀನ್ರಿ, ಅಲ್ಲೇ ಕೊಡ್ರಿ” ಅಂದರು. ಶಾಲೆ ಇನ್ನೂ ಮೂರು ಓಣಿ ದೂರ. ದೀಪಾವಳಿ ಕಳೆದ ಮೇಲೆ ಕೆರೆ ದಂಡೆಯ ಗುಡಿಯಲ್ಲಿ ಇರುತ್ತೇನೆ ಅಂದರು. ಅವ್ವ ಗೊಣಗುತ್ತಿದ್ದಳು, ಆದರೆ ಹೋಗುತ್ತಿದ್ದಳು. ಕುಂಟುವುದು ಯಾವಾಗ ನಿಂತಿತೋ ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಹೋಳಿಗೆಯೂ ಹೋಯಿತು. ತಮಗೆ ಸಿಹಿ ಸೇರುವುದಿಲ್ಲ ಅಂತ ಅಕ್ಕೋರು ಹೇಳಿದ್ದರು. ಶುದ್ಧ ಸುಳ್ಳು, ಅವರ ಮೇಜಿನ ಡ್ರಾಯರಿನಲ್ಲಿ ಪೇಡೆ ಇರುತ್ತಿದ್ದುದು ಇಡೀ ಶಾಲೆಗೆ ಗೊತ್ತಿತ್ತು. ಅವ್ವ ಡಬ್ಬಿಗಾಗಿ ಪುಂಡಿ ಪಲ್ಯ, ಹೆಸರುಕಾಳಿನ ಉಸುಳಿ ಮಾಡತೊಡಗಿದಳು. ಅವರಿಗೆ ಮಾಡಿದ್ದನ್ನೇ ನಾವೂ ಉಂಡೆವು. ಮನೆಗೆ ಬಂದಾಗ ಅವರು ಚಹಾಕ್ಕೆ ಬೆಲ್ಲ ಚೂರು ಕಡಿಮೆ ಹಾಕಲು ಹೇಳುತ್ತಿದ್ದರು, ಮುಂದಿನ ಅಮಾವಾಸ್ಯೆಗೆ ಇನ್ನೊಂದು ಚೂರು. ಒಂದೇ ಪಾತ್ರೆಯ ಚಹಾ, ಎಲ್ಲರೂ ಅದನ್ನೇ ಕುಡಿಯಬೇಕು. “ಇದು ಚಾನೋ ಕಷಾಯನೋ?” ಅಂತ ಅಪ್ಪ ಒಂದು ದಿನ ಕೇಳಿದರು. ಆಮೇಲೆ ಅವರಿಗೂ ರೂಢಿಯಾಯಿತು.

ಇದೆಲ್ಲದರ ಹಿಂದೆ ಒಂದು ಹಂಚಿಕೆ ಇದೆ ಅಂತ ನನಗೆ ಹೊಳೆದಿರಲಿಲ್ಲ. ಒಂದು ಸಂಜೆ ಅವ್ವನಿಗೆ ದಣಿವಾಗಿದೆ ಅನ್ನಿಸಿ, ದೊಡ್ಡ ಉಪಕಾರ ಮಾಡುವವಳಂತೆ ಡಬ್ಬಿಯನ್ನು ನಾನೇ ಕೆರೆ ದಂಡೆಗೆ ಒಯ್ದೆ. ನನ್ನನ್ನು ಕಂಡು ಅಕ್ಕೋರ ಮುಖ ಇಳಿಯಿತು.

“ನೀ ಯಾಕ ತಂದಿ?”

“ಅವ್ವಗ ತ್ರಾಸ ಯಾಕಂತ...”

“ಆ ತ್ರಾಸನೇ ನಿಮ್ಮವ್ವನ ಔಷಧ. ಹೊಳ್ಳಿ ಒಯ್ಯಿ. ಅವರು ತಂದ್ರಷ್ಟೇ ತಗೋತೀನಿ.” ನಾನು ಅಳುವಂತಾದದ್ದು ನೋಡಿ ಪಕ್ಕದಲ್ಲಿ ಕೂರಿಸಿಕೊಂಡರು. “ನಡೀರಿ ಅಂದ್ರ ನಿಮ್ಮವ್ವ ನಡ್ಯಾಂಗಿಲ್ಲ, ಡಬ್ಬಿ ಕೊಟ್ರ ನಡೀತಾರ. ಇದು ಗೊತ್ತಾದ್ರ ನಾಳಿನೇ ಬಿಟ್ಟಬಿಡತಾರ. ನನ್ನ ಮ್ಯಾಲ ಆಣಿ ಮಾಡು, ಅವರಿಗಿ ಹೇಳಂಗಿಲ್ಲ.” ನಾನು ಆಣೆ ಮಾಡಿದೆ. ಕೆರೆಯ ನೀರಿನ ಮೇಲೆ ಬಿಸಿಲು ಹಳದಿಯಾಗಿ ಬಿದ್ದಿತ್ತು. ತುಂಬಿದ ಡಬ್ಬಿಯನ್ನು ಹಿಡಿದುಕೊಂಡು ಮನೆಗೆ ಬಂದೆ, ಅಕ್ಕೋರು ಸಿಗಲಿಲ್ಲ ಅಂತ ಅವ್ವನಿಗೆ ಸುಳ್ಳು ಹೇಳಿದೆ.

ಎರಡು ವರ್ಷ ಹಾಗೇ ನಡೆಯಿತು. ಕಾಲಿಗೆ ಮತ್ತೆ ಗಾಯವಾಗಲಿಲ್ಲ. ಆಮೇಲೆ ಅಕ್ಕೋರಿಗೆ ಚಿಟಗುಪ್ಪಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಮನೆಗೆ ಬಂದು ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟರು. ಅದು ಅವರದೇ ಡಬ್ಬಿ, ನೆನಪಿಗೆ ಇಟ್ಟುಕೊಳ್ಳಿ ಅಂತ ಕೊಡುತ್ತಿದ್ದಾರೆ ಅಂದುಕೊಂಡೆವು. ಅವ್ವ ನಗುತ್ತಲೇ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ತೊಳೆದು, ಒರೆಸಿ, ಒಣಗಿಸಿದ ಡಬ್ಬಿ. “ಬರತೀನ್ರಿ ವೈನಿ” ಅಂದು ಅಕ್ಕೋರು ಅವ್ವನ ಮುಖ ನೋಡದೆ ಇಳಿದು ಹೋದರು.

ಮರುದಿನ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಯಾಕೆ ಹೀಗೆ ಮಾಡಿದಿರಿ ಅಂತ ಜಗಳಕ್ಕೇ ನಿಂತೆ. ಅಕ್ಕೋರು ಟ್ರಂಕಿನ ಮೇಲೆ ಕುಳಿತಿದ್ದರು, ಕಣ್ಣು ಕೆಂಪಾಗಿದ್ದವು. “ತುಂಬಿ ಕೊಟ್ಟಿದ್ರ ಹೊಳ್ಳಿ ಕೊಡಾಕ ನನ್ನ ದಾರಿ ಕಾಯ್ಕೊಂತ ಮನ್ಯಾಗ ಕುಂದರತಿದ್ರು. ಈಗ ಸಿಟ್ಟು ಬಂದದ. ಸಿಟ್ಟಿಗಾದ್ರೂ ಎದ್ದು ನಡೀತಾರ, ನೋಡು” ಅಂದರು. ಬಸ್ಸು ಬಂತು. ಹತ್ತುವಾಗ ಕಿವಿಯ ಹತ್ತಿರ ಬಗ್ಗಿ, “ಆಣಿ ನೆನಪಿರಲಿ” ಅಂದರು.

ಅವ್ವ ಎಂಟು ದಿನ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಸಂಜೆಯಾದರೆ ಹೊಸ್ತಿಲವರೆಗೆ ಬರುವುದು, ಒಳಗೆ ಹೋಗುವುದು. ಒಂಬತ್ತನೆಯ ದಿನ ಚಪ್ಪಲಿ ಮೆಟ್ಟಿ ಬರಿಗೈಯಲ್ಲಿ ಇಳಿದಳು. ಕಟ್ಟೆಯ ಮೇಲಿದ್ದ ಮುದುಕಿ ಕೇಳಿಯೇಬಿಟ್ಟಳು, “ಎಲ್ಲಿಗಿ ಹೊಂಟೀರಿ?” “ಎಲ್ಲಿಗೂ ಇಲ್ರಿ. ಸುಮ್ನ ನಡ್ಯಾಕ ಹೊಂಟೀನಿ” ಅಂದಳು ಅವ್ವ, ಓಣಿಗೆಲ್ಲ ಕೇಳುವಂತೆ. ಊರು ಒಂದು ವಾರ ಮಾತಾಡಿಕೊಂಡಿತು. ಆಮೇಲೆ ಊರಿಗೂ ಬೇಸರ ಬಂತು, ಅವ್ವನ ನಡಿಗೆ ಮಾತ್ರ ನಿಲ್ಲಲಿಲ್ಲ.

ಅಕ್ಕೋರು ಎರಡು ಪತ್ರ ಬರೆದರು. ಅವ್ವ ಉತ್ತರ ಬರೆಸಲಿಲ್ಲ. ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೆ ನಾನು ಚಿಟಗುಪ್ಪಕ್ಕೆ ಹೋಗಿ ಅವರನ್ನು ಕಂಡು ಬರುತ್ತಿದ್ದೆ, ಅವ್ವನಿಗೆ ತಿಳಿಸದೆ. ಪ್ರತಿ ಸಲವೂ ಒಂದೇ ಪ್ರಶ್ನೆ: “ನಿಮ್ಮವ್ವ ನಡ್ಯಾಕತ್ತಾರೇನು?” ಹೌದ್ರಿ ಅಂದರೆ, “ಹಂಗಾದ್ರ ಸಾಕ ಬಿಡು” ಅನ್ನುತ್ತಿದ್ದರು. ಸಾಕಾಗಿರಲಿಲ್ಲ ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

ಎಂಬತ್ತರ ದಶಕದಲ್ಲಿ ಒಂದು ಚಳಿಗಾಲ ಅಕ್ಕೋರು ಹೋಗಿಬಿಟ್ಟರು. ಸುದ್ದಿ ಹೇಳಲು ನಾನು ಬಸವಕಲ್ಯಾಣಕ್ಕೆ ಹೋದೆ. ಕೆರೆ ದಂಡೆಯ ಮೇಲೆ ಅವ್ವನ ಜೊತೆ ನಡೆಯುತ್ತಲೇ ಹೇಳಿದೆ. ಬಹಳ ಹೊತ್ತು ಅವಳು ನಡೆಯುತ್ತಲೇ ಇದ್ದಳು. ಆಮೇಲೆ ಕೇಳಿದಳು: “ನಾ ಏನ್ ತಪ್ಪು ಮಾಡಿದ್ದೆ ಅಂತ ಆಕಿ ಖಾಲಿ ಡಬ್ಬಿ ಕೊಟ್ಟಳು?” ಆಗ ಎಲ್ಲ ಹೇಳಿಬಿಟ್ಟೆ.

ಅವ್ವ ನಿಂತಳು. ಅಳಲಿಲ್ಲ. ತನ್ನ ಎರಡೂ ಪಾದಗಳನ್ನು ನೋಡಿಕೊಂಡಳು.

“ಮೊದಲೇ ಹೇಳಬಾರದೇನ? ಚಿಟಗುಪ್ಪಕ್ಕ ನಡ್ಕೊಂತ ಹೋಗತಿದ್ನಲ್ಲ...”

ಅವ್ವನೂ ಈಗಿಲ್ಲ. ಕೊನೆಯ ತನಕ ತನ್ನ ಕಾಲ ಮೇಲೆ ತಾನು ನಡೆದು ಹೋದಳು, ಅಷ್ಟರಮಟ್ಟಿಗೆ ಅಕ್ಕೋರು ಗೆದ್ದರು. ಕೊಟ್ಟ ಆಣೆ ಮುರಿಯಬಾರದು ಅಂತ ಹಿರಿಯರು ಹೇಳುತ್ತಾರೆ, ಅಕ್ಕೋರು ಇರುವ ತನಕ ನಾನು ಮುರಿಯಲಿಲ್ಲ. ಅವ್ವ ಬರಿಗೈಯಲ್ಲಿ ಓಣಿಗೆ ಇಳಿದ ಆ ಒಂಬತ್ತನೆಯ ದಿನವೇ ಆಣೆಯ ಕೆಲಸ ಮುಗಿದಿತ್ತು. ಅಂದೇ ಮುರಿದಿದ್ದರೆ ಇಬ್ಬರು ಗೆಳತಿಯರಿಗೆ ಇನ್ನೂ ಎಷ್ಟೋ ವರ್ಷ ಸಿಗುತ್ತಿದ್ದವು. ಈಗ ಇದನ್ನು ಹೇಳಿಕೊಳ್ಳಲು ಇಬ್ಬರಲ್ಲಿ ಒಬ್ಬರೂ ಇಲ್ಲ.