ಬಸ್ ಅಂಕಲ್ ಮತ್ತು ಮೈಸೂರ್ ಪಾಕಿನ ಡಬ್ಬಿ

ಹೋದ ತಿಂಗಳು ನನ್ನ ಕಾರು ಸರ್ವಿಸ್‌ಗೆ ಹೋಗಿತ್ತು. ಸಿಡ್ನಿಯ ನಾರ್ವೆಸ್ಟ್‌ನಲ್ಲಿರುವ ಮಗಳ ಆಫೀಸಿನಿಂದ ಗಿರಾವೀನ್ ಬಡಾವಣೆಯ ನಮ್ಮ ಮನೆಗೆ ಅವಳ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ನನ್ನನ್ನು ಬಿಡಲು ಬಂದಳು. ಇಲ್ಲದಿದ್ದರೆ ನಾನು ಇನ್ನೊಬ್ಬರ ಪಕ್ಕದ ಸೀಟಿನಲ್ಲಿ ಕೂರುವ ಪೈಕಿ ಅಲ್ಲ. ಹುಡುಗಿಗೆ ನೆಗಡಿ. ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಸುತ್ತಿದ್ದಳು. ಬಿಸಿಲಿಗೆ ಕಾದ ಸೀಟಿನ ವಾಸನೆಯ ಜೊತೆ ಆ ಎಣ್ಣೆಯ ವಾಸನೆಯೂ ಸೇರಿ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತಿತು. ಬಸ್ ಅಂಕಲ್ ಕರವಸ್ತ್ರದಿಂದಲೂ ಇದೇ ವಾಸನೆ ಬರುತ್ತಿತ್ತು...

ಎಂಬತ್ತರ ದಶಕದ ಕೊನೆಯಲ್ಲಿ ನಾವಿದ್ದದ್ದು ನ್ಯೂ ಸೌತ್ ವೇಲ್ಸ್‌ನ ದಕ್ಷಿಣದ ಒಂದು ಪುಟ್ಟ ಕಾಲೇಜು ಊರಿನಲ್ಲಿ. ಸಿಡ್ನಿಗೂ ಮೆಲ್ಬರ್ನ್‌ಗೂ ಹೆಚ್ಚುಕಡಿಮೆ ಒಂದೇ ದೂರ, ಅಂದರೆ ಎರಡಕ್ಕೂ ದೂರ. ಒಂದು ಮುಖ್ಯ ರಸ್ತೆ, ದಿಬ್ಬದ ಮೇಲೆ ಕೃಷಿ ಕಾಲೇಜು, ಸುತ್ತ ಕುರಿಗಳು. ಶನಿವಾರ ಮಧ್ಯಾಹ್ನ ಅಂಗಡಿಗಳ ಬಾಗಿಲು ಬಿದ್ದರೆ ಸೋಮವಾರದವರೆಗೆ ಕೊತ್ತಂಬರಿ ಸೊಪ್ಪಿರಲಿ, ಮನುಷ್ಯರೂ ಸಿಗುತ್ತಿರಲಿಲ್ಲ. ನನ್ನ ಗಂಡ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ನಾನು ಮೈಸೂರಿನ ಹೈಸ್ಕೂಲಿನಲ್ಲಿ ಆರು ವರ್ಷ ಗಣಿತ ಕಲಿಸಿ, ಮಕ್ಕಳನ್ನು ನಡುಗಿಸಿ ಬಂದವಳು. ಇಲ್ಲಿ ಬಾಡಿಗೆ ಮನೆಯ ಕಿಟಕಿಯಿಂದ ಕುರಿ ಎಣಿಸುವುದೇ ನನ್ನ ಗಣಿತವಾಗಿತ್ತು.

ಕಾಲೇಜಿನ ಬಸ್ ದಿನಕ್ಕೆ ಎರಡು ಸಲ ಪೇಟೆಗೆ ಹೋಗುತ್ತಿತ್ತು. ಮೊದಲ ದಿನವೇ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಾನು ಗಂಡನಿಗೆ ಕನ್ನಡದಲ್ಲಿ, ಜೋರಾಗಿಯೇ, "ಈ ಮುದುಕನಿಗೆ ಬಸ್ ಕೊಟ್ಟೋರು ಯಾರ್ರೀ?" ಎಂದೆ. ಮುಂದಿನಿಂದ ಉತ್ತರ ಬಂತು: "ಕಾಲೇಜಿನವರು ಕೊಟ್ಟದ್ದು ಅಮ್ಮಾ. ರಸ್ತೆಯಲ್ಲಿ ಕುರಿ ಉಂಟು, ಎಂತ ಮಾಡುವುದು?"

ನನ್ನ ಮಾನ ಮೂರು ಕಾಸಿಗೆ ಹೋಯಿತು! ಅವರು ಮಂಗಳೂರಿನವರು, ಮನೆಮಾತು ಕೊಂಕಣಿ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಅವರ ಹೆಂಡತಿ, ನಮಗೆಲ್ಲ ಆಂಟಿ, ಕಾಲೇಜಿನ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುತ್ತಿದ್ದರು. ಅಂದಿನಿಂದ ಅವರು ನನಗೆ ಬಸ್ ಅಂಕಲ್, ನಾನು ಅವರಿಗೆ 'ಟೀಚರ್'. ಕೆಲಸವೇ ಇಲ್ಲದ ನನ್ನನ್ನು ಆ ಊರಿನಲ್ಲಿ ಟೀಚರ್ ಎಂದು ಕರೆದವರು ಅವರೊಬ್ಬರೇ. ಅದು ನನಗೆ ಎಷ್ಟು ಹಿತವಾಗುತ್ತಿತ್ತು ಎಂದು ಅವರಿಗೆ ಹೇಳಿರಲಿಲ್ಲ.

ಒಂದೂವರೆ ವರ್ಷ ಅರ್ಜಿ ಹಾಕಿ ಹಾಕಿ ಕೊನೆಗೆ ನನ್ನ ಡಿಗ್ರಿಗೆ ಇಲ್ಲಿಯವರು ಮಾನ್ಯತೆ ಕೊಟ್ಟರು. ನಲವತ್ತು ಕಿಲೋಮೀಟರ್ ಆಚೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಬೇಕಾಗಿತ್ತು. ಹೆಡ್‌ಮಾಸ್ಟರ್ ನನ್ನನ್ನು ಒಪ್ಪಿದರು, ಆದರೆ ಒಂದು ಷರತ್ತು. ಅಲ್ಲಿಗೆ ಬಸ್ಸಿಲ್ಲ, ಜನವರಿ ಕೊನೆಯಲ್ಲಿ ಶಾಲೆ ತೆರೆಯುವುದರೊಳಗೆ ನನ್ನ ಕೈಯಲ್ಲಿ ಡ್ರೈವಿಂಗ್ ಲೈಸೆನ್ಸ್ ಇರಬೇಕು. ಇಲ್ಲದಿದ್ದರೆ ಸಿಡ್ನಿಯಿಂದ ಬೇರೆಯವರನ್ನು ಕರೆಸುತ್ತಾರೆ. ನಾನಾದರೋ ಮೈಸೂರಿನಲ್ಲಿ ಸೈಕಲ್ಲನ್ನೂ ತುಳಿದವಳಲ್ಲ.

ಅಂಕಲ್ ರಜೆಯಲ್ಲಿ ಎಷ್ಟೋ ವಿದ್ಯಾರ್ಥಿಗಳಿಗೆ ಪುಕ್ಕಟೆ ಡ್ರೈವಿಂಗ್ ಕಲಿಸುತ್ತಿದ್ದರು. ನನಗೂ ಕಲಿಸಿದರು. ಅವರದ್ದು ಒಂದೇ ಪಾಠ: ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. "ಎಡಕ್ಕೆ ಟ್ರಕ್ಕು, ಬಲಕ್ಕೆ ಗೇಟು, ಮುಂದೆ ಸೈಕಲ್ಲಿನ ಹುಡುಗಿ..." ಹೀಗೆ ನಾನು ವರದಿ ಒಪ್ಪಿಸುತ್ತಾ ಆ ಖಾಲಿ ಊರಿನಲ್ಲಿ ಸುತ್ತುತ್ತಿದ್ದೆ. ಒಂದು ಕ್ಷಣ ಸುಮ್ಮನಾದರೆ ಸಾಕು, "ಬಾಯಿ ಮುಚ್ಚಿದ್ರೆ ಕಣ್ಣೂ ಮುಚ್ಚಿದ ಹಾಗೆ ಟೀಚರೇ, ಹೇಳಿ ಹೇಳಿ" ಎನ್ನುತ್ತಿದ್ದರು. ಬಾಯಿಯ ವಿಷಯದಲ್ಲಿ ನನಗೆ ಯಾರೂ ಎರಡನೇ ಸಲ ಹೇಳಬೇಕಾಗಿ ಬಂದದ್ದಿಲ್ಲ.

ಆದರೂ ಎರಡು ಸಲ ಫೇಲಾದೆ. ಎರಡು ಸಲವೂ ರಿವರ್ಸ್ ಪಾರ್ಕಿಂಗ್‌ನಲ್ಲಿ, ಎರಡು ಸಲವೂ ಅದೇ ಕೆಂಪು ಗಡ್ಡದ ಪರೀಕ್ಷಕ. ಆತ ಭಾನುವಾರ ಚರ್ಚಿನಲ್ಲಿ ಅಂಕಲ್ ಪಕ್ಕದಲ್ಲೇ ಕೂರುತ್ತಾನೆ ಎಂದು ಗೊತ್ತಾದಾಗ ನನಗೆ ಸ್ವರ್ಗದ ಬಾಗಿಲು ತೆರೆದಂತಾಯಿತು.

"ಅಂಕಲ್, ನೀವು ಒಂದ್ ಮಾತು ಹೇಳ್ಬಿಡಿ ಅವ್ರಿಗೆ."

"ಅದೆಲ್ಲ ಇಲ್ಲಿ ಆಗ್ಲಿಕ್ಕಿಲ್ಲ ಟೀಚರೇ. ನಿಮಗೆ ಓಡಿಸ್ಲಿಕ್ಕೆ ಬರ್ತದೆ. ಪಾಸಾಗ್ತೀರಿ ಮಾರಾಯ್ರೆ, ಹೆದರ್ಬೇಡಿ."

ಹೆದರುವುದಕ್ಕೇನು, ಶಾಲೆ ತೆರೆಯಲು ಹದಿನೈದು ದಿನ ಉಳಿದಿತ್ತು. ನಮ್ಮೂರಿನಲ್ಲಿ ವಶೀಲಿ ಎಂದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಕೆಲಸ ಆಗಬೇಕಾದ ಕಡೆ ಪರಿಚಯದವರ ಹೆಸರು ಹೇಳುವುದು, ಕೈಯಲ್ಲಿ ಸ್ವಲ್ಪ ಸಿಹಿ ಹಿಡಿದು ಹೋಗುವುದು ಮರ್ಯಾದೆ ಎಂದೇ ತಿಳಿದು ಬೆಳೆದವಳು ನಾನು. ಮೂರನೆಯ ಟೆಸ್ಟಿನ ಹಿಂದಿನ ದಿನ ಬೆಣ್ಣೆ ಕಾಯಿಸಿ, ಸಿಡ್ನಿಯಿಂದ ತಂದಿಟ್ಟಿದ್ದ ಕಡಲೆಹಿಟ್ಟಿನಲ್ಲಿ ಮೈಸೂರ್ ಪಾಕ್ ಮಾಡಿದೆ. ನಾನೇ ಹೇಳಬಾರದು, ಅಷ್ಟು ಹದವಾಗಿ ಮತ್ತೆಂದೂ ಬರಲಿಲ್ಲ.

ಮಾರನೆಯ ದಿನ ಆ ಪರೀಕ್ಷಕ ಕಾರಿನಲ್ಲಿ ಕೂತ ಕೂಡಲೇ ಡಬ್ಬಿ ಅವನ ತೊಡೆಯ ಮೇಲಿಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ಮೂರ್ಖತನ ಅನ್ನಬಹುದಿತ್ತು. ನಾನು ಅದರ ಮೇಲೆ ನಗುತ್ತಾ, ಇದು ಚರ್ಚಿನ ನಿಮ್ಮ ಸ್ನೇಹಿತರು ಕಳಿಸಿದ್ದು, ನನ್ನನ್ನು ಸ್ವಲ್ಪ ನೋಡಿಕೊಳ್ಳಬೇಕಂತೆ ಎಂದೆ.

ಆತ ಡಬ್ಬಿಯ ಮುಚ್ಚಳ ತೆರೆಯಲೂ ಇಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿ ಕಾರಿನಿಂದ ಇಳಿದ. ಟೆಸ್ಟ್ ರದ್ದು. ನನ್ನನ್ನೂ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಂಕಲ್‌ರನ್ನೂ ಒಳಗೆ ಕರೆದರು. ಅಲ್ಲಿಯ ಮೇಲಧಿಕಾರಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಇದನ್ನು ಕಳಿಸಿದ್ದು ಯಾರು ಎಂದು ಕೇಳಿದರು. ಲಂಚ ಕೊಡಲು ನೋಡಿದವರಿಗೆ ಮತ್ತೆ ಟೆಸ್ಟ್ ಕೊಡುವುದಿಲ್ಲ ಎಂದೂ ಹೇಳಿದರು. ಲಂಚ! ಮೈಸೂರ್ ಪಾಕು ಲಂಚವೇ?

ಅಂಕಲ್ ಡಬ್ಬಿ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, ಬಹಳ ನಿಧಾನವಾಗಿ ಹೇಳಿದರು: "ನಾನೇ ಕಳಿಸಿದ್ದು. ಈಕೆಗೆ ಏನೂ ಗೊತ್ತಿಲ್ಲ."

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ವಾಪಸ್ ಬರುವ ದಾರಿಯುದ್ದಕ್ಕೂ ಅಳುತ್ತಿದ್ದೆ. ಅಂಕಲ್ ತಾವೇ ಕಾರು ಓಡಿಸುತ್ತಾ, "ಎಂತಕ್ಕೆ ಕೂಗುದು ಟೀಚರೇ? ನಿಮಗೆ ಕೆಲಸ ಬೇಕು, ನನಗೆ ಕೆಲಸ ಉಂಟು. ಆ ಗಡ್ಡದವನಿಗೆ ಕೊಟ್ಟ ಸ್ವೀಟಿನಲ್ಲಿ ಒಂದು ತುಂಡು ಮನೇಲಿ ಉಳಿದಿದ್ಯಾ, ಅದು ಹೇಳಿ" ಎಂದರು. ನನಗೆ ಅಳುವಿನ ನಡುವೆಯೂ ನಗು ಬಂತು. ತಪ್ಪೆಲ್ಲ ಅಂಕಲ್ ತಲೆಗೆ ಹೋದದ್ದರಿಂದ ನನಗೆ ಮತ್ತೆ ಟೆಸ್ಟ್ ಸಿಕ್ಕಿತು, ಮುಂದಿನ ವಾರ ಬೇರೆ ಪರೀಕ್ಷಕರ ಕೈಯಲ್ಲಿ ಪಾಸಾದೆ. ಶಾಲೆ ತೆರೆದ ದಿನ ಹೊತ್ತಿಗೆ ಸರಿಯಾಗಿ ತರಗತಿಯಲ್ಲಿದ್ದೆ. ಅಲ್ಲಿಂದ ಮುಂದೆ ನಾನು ಹಿಂತಿರುಗಿ ನೋಡಲಿಲ್ಲ. ಸಿಡ್ನಿಗೆ ಬಂದೆವು, ಇಲ್ಲೇ ನೆಲೆಸಲು ಪಿಆರ್ ಆಯಿತು, ಮನೆ ಆಯಿತು, ದೊಡ್ಡ ಹೈಸ್ಕೂಲಿನಲ್ಲಿ ಗಣಿತ ವಿಭಾಗದ ಮುಖ್ಯಸ್ಥೆಯೂ ಆದೆ. ಇದೆಲ್ಲ ನನ್ನ ದುಡಿಮೆಯೇ, ಸುಳ್ಳು ವಿನಯ ನನಗೆ ಬರುವುದಿಲ್ಲ.

ಅಂಕಲ್ ಬಸ್ ಓಡಿಸುತ್ತಲೇ ಇದ್ದು ರಿಟೈರ್ ಆಗಿ, ಮೆಲ್ಬರ್ನ್‌ನ ವೆರಿಬೀಯಲ್ಲಿದ್ದ ಮಗಳ ಮನೆಗೆ ಹೋದರು. ಪ್ರತಿ ಕ್ರಿಸ್ಮಸ್‌ಗೆ ಫೋನ್ ಮಾಡುತ್ತಿದ್ದೆ. ಪ್ರತಿ ಸಲವೂ ಈ ಸಲ ಕ್ಷಮೆ ಕೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. "ಅಂಕಲ್, ಅವತ್ತು..." ಎಂದು ಶುರು ಮಾಡಿದರೆ ಸಾಕು, "ಶಾಲೆ ಹೇಗುಂಟು ಟೀಚರೇ?" ಎಂದು ಮಾತು ತಿರುಗಿಸಿಬಿಡುತ್ತಿದ್ದರು. ನಾನೂ ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ, ತಿರುಗಲು ಕಾಯುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಅವರು ಹೋದರೆಂದು ಅವರ ಮಗಳಿಂದ ಫೋನ್ ಬಂತು. ಒಬ್ಬಳೇ ಸಿಡ್ನಿಯಿಂದ ಮೆಲ್ಬರ್ನ್‌ವರೆಗೆ ಕಾರು ಓಡಿಸಿಕೊಂಡು ಹೋದೆ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋದೆ, ಹುಚ್ಚಿಯ ಹಾಗೆ.

ಮಣ್ಣು ಮಾಡಿ ಬಂದ ಮೇಲೆ ಆಂಟಿ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ಒರಗಿಸಿದ್ದ ಹಲಗೆಯೊಂದನ್ನು ತಿರುಗಿಸಿ ತೋರಿಸಿದರು. ಕಾರಿನ ತಲೆಯ ಮೇಲೆ ಕೂರಿಸುವ ಹಲಗೆ ಅದು. ಅಂಕಲ್ ಹೆಸರು, ಅದರ ಕೆಳಗೆ ನೀಲಿ ಅಕ್ಷರದಲ್ಲಿ ಡ್ರೈವಿಂಗ್ ಸ್ಕೂಲ್.

"ಬಸ್ ಬಿಟ್ಟು ಸ್ವಂತ ಸ್ಕೂಲ್ ಮಾಡ್ಬೇಕು ಅಂತ ಭಾರೀ ಆಸೆ ಇತ್ತು ಇವ್ರಿಗೆ. ಅರ್ಜಿ ಹಾಕಿ, ಬೋರ್ಡೂ ಬರೆಸಿದ್ರು. ಅಷ್ಟರಲ್ಲಿ ಇವ್ರು ಯಾರೋ ಸ್ಟೂಡೆಂಟ್‌ನ ಪಾಸ್ ಮಾಡಿಸ್ಲಿಕ್ಕೆ ಆಫೀಸಿನವ್ರಿಗೆ ಸ್ವೀಟ್ ಕೊಟ್ರಂತೆ, ನೋಡು. ಇನ್ನು ನಿಮಗೆ ಕಲಿಸುವ ಲೈಸೆನ್ಸ್ ಇಲ್ಲ ಅಂದ್ರು. ಚರ್ಚಿನಲ್ಲಿ ಜನ ಪಕ್ಕ ಕೂರ್ಲಿಕ್ಕೂ ಹಿಂದೆಮುಂದೆ ನೋಡಿದ್ರು. ಎಂತ ಬುದ್ಧಿ ಇದು, ಮರ್ಯಾದೆ ತೆಗೆದ್ರಿ ಅಂತ ನಾನು ಬೈದೆ. ಕೊನೇವರೆಗೂ ಬೈದೆ. ಒಂದು ದಿನವೂ ತಿರುಗಿ ಮಾತಾಡ್ಲಿಲ್ಲ ಪುಣ್ಯಾತ್ಮ."

ಅರ್ಜಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. "ಆಂಟಿ, ಅವರು ಕೊಟ್ಟಿದ್ದಲ್ಲ. ನಾನು ಕೊಟ್ಟಿದ್ದು. ಅವರ ಹೆಸರು ಹೇಳಿ ನಾನು ಕೊಟ್ಟೆ" ಎಂದೆ.

ಆಂಟಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಲಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ಹಾಗಾದ್ರೆ... ಇಷ್ಟು ವರ್ಷ ನಾನು ಅವ್ರಿಗೆ ಸುಮ್ಮನೆ ಬೈದದ್ದಾ?" ಎಂದರು.

ಈಗ ಆಂಟಿಯೂ ಇಲ್ಲ. ನಾನು ಮಾತಿಗೆ ಹೆದರದವಳು ಎಂದು ಇಡೀ ಗಿರಾವೀನ್ ಹೇಳುತ್ತದೆ, ನಾನೂ ಹಾಗೆಂದೇ ನಂಬಿದ್ದೇನೆ. ಆದರೆ ಆ ಆಫೀಸಿನ ಮೇಜಿನ ಮುಂದೆ ಹೇಳಬೇಕಾಗಿದ್ದ ಒಂದು ವಾಕ್ಯವನ್ನು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು. ಹೇಳಿದ ದಿನ ಅದನ್ನು ಕೇಳಬೇಕಾಗಿದ್ದವರನ್ನು ಮಣ್ಣು ಮಾಡಿ ಬಂದಿದ್ದೆವು.