ಹುಣಸೆಹಣ್ಣಲ್ಲಿ ತೊಳೆದ ತೋಟಾಗಳು

ನನ್ನ ಗಂಡ ಮೋಟಾರ್ ವೈಂಡಿಂಗ್ ಮಾಡುವವರು. ತೆಲುಗು ಸೀಮೆಯ ಆದೋನಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ ಕೊಡುವ ಕೆಲಸ. ಅಂಥ ಮನುಷ್ಯನ ಜೇಬಿನಲ್ಲಿ ವರ್ಷಕ್ಕೂ ಮೇಲೆ ಪಿಸ್ತೂಲು ಇತ್ತು ಎಂದರೆ ಈಗ ನನಗೇ ನಂಬಲು ಕಷ್ಟವಾಗುತ್ತದೆ.

ಆದದ್ದು ಇಷ್ಟು. ಹಾಲಹರವಿ ಕಡೆಯ ಒಂದು ಹೊಲಕ್ಕೆ ಮೋಟಾರ್ ಇಳಿಸಲು ಹೋಗಿದ್ದಾಗ, ಬಂಡಿದಾರಿಯಲ್ಲಿ ಒಬ್ಬನನ್ನು ಇಬ್ಬರು ಕಡಿದುಹಾಕುವುದನ್ನು ಇವರು ಕಂಡರು. ಹಾಡಹಗಲು. ಕಡಿದವರ ಮುಖ ಇವರಿಗೆ ಕಂಡಿತು, ಇವರ ಮುಖ ಅವರಿಗೂ ಕಂಡಿತು. ಬೇರೆ ಕಣ್ಣುಸಾಕ್ಷಿ ಯಾರೂ ಇರಲಿಲ್ಲ. ಪೊಲೀಸರ ಮುಂದೆ ಎಲ್ಲವನ್ನೂ ಹೇಳಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಒಂದೇ ಚಿಂತೆ: ಕೋರ್ಟಿನಲ್ಲಿ ಸಾಕ್ಷಿ ಹೇಳುವವರೆಗೆ ಇವರು ಬದುಕಿರಬೇಕು.

ಮೊದಲು ಬಾಗಿಲಲ್ಲಿ ಒಬ್ಬ ಪೇದೆಯನ್ನು ಕೂರಿಸಿದ್ದರು. ಪಾಪ, ನಮಗಿಂತ ಅವನೇ ಹೆಚ್ಚು ಹೆದರುತ್ತಿದ್ದ. ಕಡಿದವರು ಜಾಮೀನಿನ ಮೇಲೆ ಹೊರಬಂದರು; ಅದಾದ ಸ್ವಲ್ಪ ದಿನಕ್ಕೆ ಪೇದೆಯನ್ನು ವಾಪಸು ಕರೆಸಿಕೊಂಡರು. ಇಂಥ ಬುದ್ಧಿವಂತಿಕೆಗೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಕೊನೆಗೆ ಪರಿಚಯದ ವಕೀಲರೊಬ್ಬರು ಓಡಾಡಿ, ಪ್ರಾಣಭಯ ಇದೆ ಎಂಬ ಕಾರಣಕ್ಕೆ ಇವರಿಗೆ ಲೈಸೆನ್ಸು ಕೊಡಿಸಿದರು. ನಿವೃತ್ತ ಅಧಿಕಾರಿಯೊಬ್ಬರ ಹಳೆಯ ಪಿಸ್ತೂಲು ಕೈಗೆ ಬಂತು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕದು.

ಅದಕ್ಕೆ ತುಂಬುವ ತೋಟಾ ಕೊಳ್ಳಲು ಕರ್ನೂಲಿಗೆ ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯವನು ನಮ್ಮ ಕಡೆಯವನೇ, ಕನ್ನಡ ಬರುತ್ತಿತ್ತು. ಗಾಜಿನ ಮೇಲೆ ಎರಡು ತರಹದ ತೋಟಾ ಇಟ್ಟ. ಒಂದರ ಮೂತಿಗೆ ಪೂರ್ತಿ ತಾಮ್ರದ ಹೊದಿಕೆ, ಇತ್ತೀಚಿನ ಮಾಲು. ಇನ್ನೊಂದು ಹಳೆಯ ವಿದೇಶಿ ಮಾಲು, ಮೂತಿಯ ನಡುವೆ ಒಂದು ಕುಳಿ.

"ಈ ತಾಮ್ರದ್ದು ಮೈಯಾಗ ಹೊಕ್ಕು ಹಿಂದಿನಿಂದ ಹೊರಗ ಹೋಗ್ತೈತ್ರಿ. ಹಿಂದ ಯಾರರ ನಿಂತಿದ್ರ ಅವ್ರ ಗತಿ ದೇವ್ರೇ ನೋಡ್ಬೇಕು. ಈ ಕುಳಿ ಇರೋದು ಒಳಗ ಅರಳ್ತೈತಿ, ಅಲ್ಲೇ ನಿಂತ್ಕಂತೈತಿ. ಖರೇ ಹೇಳ್ತೀನಿ, ಪಿಸ್ತೂಲು ಸಣ್ಣದು, ಅರಳೇ ಅರಳ್ತೈತಿ ಅಂತ ಗ್ಯಾರಂಟಿ ಇಲ್ಲ. ಹಳೇ ಮಾಲು ಬ್ಯಾರೆ."

"ಗ್ವಾಡಿಗೆ ಬಿದ್ರ?" ಎಂದು ಇವರು ಕೇಳಿದರು.

ಯಾಕೆ ಕೇಳಿದರೆಂದು ನನಗೆ ಗೊತ್ತಿತ್ತು. ನಮ್ಮದು ಬಾಡಿಗೆ ಮನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಆಚೆ ಬಾಣಂತಿ ಇದ್ದಳು. ಗೋಡೆಗೆ ಒತ್ತಿಯೇ ಮಗುವಿನ ತೊಟ್ಟಿಲು ಕಟ್ಟಿದ್ದರು. ಅದರ ಹಗ್ಗದ ಕಿರುಗುಟ್ಟು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

"ಗ್ವಾಡಿಗೆ ಎರಡೂ ಕೆಟ್ಟವೇ ಅಣ್ಣಾ. ಮನುಷ್ಯಾಗ ಬಿದ್ರ ಮಾತ್ರ ಕುಳೀದು ಆಚಿಗೆ ಹೋಗೋದು ಕಮ್ಮಿ."

ಇವರು ಕುಳಿ ಇದ್ದದ್ದನ್ನೇ ತೆಗೆದುಕೊಂಡರು. ವರ್ಷಕ್ಕೆ ಇಷ್ಟೇ ಎಂದು ಲೈಸೆನ್ಸಿನಲ್ಲಿ ಇದ್ದಷ್ಟನ್ನು ಪೂರ್ತಿ. ವಾಪಸು ಬರುವಾಗ ಬಸ್ಸು ಅರ್ಧ ದಾರಿ ದಾಟಿತ್ತು. ಆಗ ಇವರು, "ಪಕ್ಕದ ಮನಿ ಕೂಸು ಉಳೀಲಿ ಅಂತ, ಇನ್ನೊಬ್ಬನ ಹೊಟ್ಟ್ಯಾಗ ಅರಳೋದು ತಗಂಡ್ನಲ್ಲ, ನಾನು ಎಂಥವ?" ಎಂದರು. ನನಗೆ ಸಿಟ್ಟು ಬಂತು. ಕಡಿದವರು ಇಂಥ ಪ್ರಶ್ನೆ ಕೇಳಿಕೊಂಡು ಕೊರಗಿದ್ದಾರೆಯೇ? ಇವರಿಗೊಬ್ಬರಿಗೇ ಯಾಕೆ ಈ ಉಸಾಬರಿ? ಹಾಗೆ ಅಂದೆ ಕೂಡ. ಇವರು ಕಿಟಕಿಯ ಕಡೆ ತಿರುಗಿ ಕೂತರು.

ಒಂದು ಮಾತ್ರ ನಿಜ. ಪಿಸ್ತೂಲು ಜೇಬಿಗೆ ಬಂದ ಮೇಲೆ ಇವರ ನಡಿಗೆ ಬದಲಾಯಿತು. ಹೆದರಿ ಮುಚ್ಚಿದ್ದ ಅಂಗಡಿಯ ಬಾಗಿಲು ತೆರೆದರು. ಒಮ್ಮೆಯೂ ಹಾರಿಸಿ ನೋಡಲಿಲ್ಲ, ಇದ್ದ ತೋಟಾ ಖರ್ಚಾಗುತ್ತವೆಂದು. ಹೊಡೆದೇ ನೋಡದ ಗುಂಡಿನ ಮೇಲೆ ಅಷ್ಟು ಧೈರ್ಯ! ಆದರೆ ಆ ಧೈರ್ಯದಿಂದಲೇ ನಮ್ಮ ಮನೆಯಲ್ಲಿ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು, ಸುಳ್ಳು ಹೇಳಲಾರೆ.

ಹಾಗೇ ಆಯುಧಪೂಜೆ ಬಂತು. ನಮ್ಮತ್ತೆ ಆ ಹಬ್ಬವನ್ನು ಬಿಡುವವರಲ್ಲ. ಕುಡುಗೋಲು, ಈಳಿಗೆಮಣೆ, ಮಗನ ಸ್ಪ್ಯಾನರುಗಳು, ಎಲ್ಲಕ್ಕೂ ಸ್ನಾನ, ಎಣ್ಣೆ, ಅರಿಶಿನ, ಕುಂಕುಮ. ಮಗನ ಜೀವ ಕಾಯುವ ವಸ್ತುವನ್ನು ಬಿಡುತ್ತಾರೆಯೇ? ಇವರು ಪಿಸ್ತೂಲಿನಿಂದ ತೋಟಾಗಳನ್ನು ಬಿಚ್ಚಿ, ಪಿಸ್ತೂಲು ತಾವೇ ಬಟ್ಟೆಯಲ್ಲಿ ಒರೆಸಿ ಪೀಠದ ಮೇಲಿಟ್ಟರು. ತೋಟಾಗಳನ್ನು ತಟ್ಟೆಯಲ್ಲಿ ಹಾಕಿ ಅಮ್ಮನ ಕೈಗೆ ಕೊಟ್ಟರು.

"ಎವ್ವಾ, ಇವುಕ್ಕೂ ಒಂದೀಟು ಕುಂಕುಮ ಹಚ್ಚು."

ಅತ್ತೆ ಹಿತ್ತಿಲಲ್ಲಿ ದೇವರ ದೀಪಗಳನ್ನು ಹುಣಸೆಹಣ್ಣಿನ ನೀರಲ್ಲಿ ನೆನೆಹಾಕಿದ್ದರು. ತೋಟಾಗಳೂ ಹಿತ್ತಾಳೆಯವೇ ಅಲ್ಲವೇ, ಅದರಲ್ಲೇ ಬಿಟ್ಟರು. ದೀಪ ಉಜ್ಜಿದ ಹಾಗೆ ಒಂದೊಂದನ್ನೂ ಉಜ್ಜಿ ತೊಳೆದು, ಒರೆಸಿ, ಎಳ್ಳೆಣ್ಣೆ ಸವರಿ, ಕುಂಕುಮ ಇಟ್ಟರು. ಹೊಸ ಮದುವೆಯ ಒಡವೆಗಳಂತೆ ಥಳಥಳ ಹೊಳೆದವು. "ನೋಡಪಾ, ಹೆಂಗ್ ಮಿಂಚಾಕ ಹತ್ಯಾವ!" ಎಂದು ಮಗನಿಗೆ ತೋರಿಸಿದರು. ಇವರಿಗೂ ಖುಷಿಯಾಯಿತು. ಪೂಜೆ ಮುಗಿದ ಮೇಲೆ ಒಂದೊಂದನ್ನೇ ಕಣ್ಣಿಗೊತ್ತಿಕೊಂಡು ಪಿಸ್ತೂಲಿಗೆ ತುಂಬಿಕೊಂಡರು.

ಹಬ್ಬ ಕಳೆದು ಕೆಲವು ವಾರಕ್ಕೆ ಸಮನ್ಸು ಬಂತು. ಮರುದಿನವೇ ಸತ್ತವನ ತಾಯಿ ಮನೆಗೆ ಬಂದರು. ಕುರಿ ಮೇಯಿಸಿ ಮಗನನ್ನು ಸಾಕಿದ ಹೆಂಗಸು, ಒಣಗಿ ಕಡ್ಡಿಯಾಗಿದ್ದರು. ನೀರು ಕೊಟ್ಟರೆ ಬೇಡ ಎಂದರು. ಹೊಸ್ತಿಲ ಹತ್ತಿರವೇ ನಿಂತು, "ನೀ ಕಂಡಿದ್ದು ಕಂಡಂಗ ಹೇಳಪ್ಪಾ. ಅಷ್ಟ್ ಸಾಕು ನನಗ" ಎಂದರು. "ಹೇಳ್ತೀನವ್ವ" ಎಂದು ಇವರು ಅಂದಾಗ ಇವರ ಕೈ ಜೇಬಿನ ಮೇಲಿತ್ತು.

ಸಾಕ್ಷಿಗೆ ಹೋಗುವ ಮುಂಚೆ ಒಮ್ಮೆ ಪಿಸ್ತೂಲು ತೋರಿಸಿಕೊಂಡು ಬರೋಣವೆಂದು ಕರ್ನೂಲಿಗೆ ಹೋದೆವು. ಅಂಗಡಿಯವನು ತೋಟಾಗಳನ್ನು ಬೆಳಕಿಗೆ ಹಿಡಿದ, ಮೂಸಿದ, ನಮ್ಮ ಮುಖ ನೋಡಿದ.

"ಏಮಣ್ಣಾ ಇದಿ, ಏನಿದು? ಇವನ್ನ ಯಾರು ತೊಳೆದ್ರು?"

ಇವರು ಹೇಳಿದರು. ಅವನು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ನೀರೂ ಎಣ್ಣೆಯೂ ತೋಟಾದ ಬುಡದಿಂದ ಒಳಗೆ ಇಳಿದರೆ ಮದ್ದು ಸಾಯುತ್ತದೆ ಎಂದ. ಹಾರಿದರೂ ಹಾರಬಹುದು, ಕ್ಲಿಕ್ ಎಂದು ಸುಮ್ಮನಾಗಬಹುದು, ಅರ್ಧಕ್ಕೆ ನಳಿಗೆಯಲ್ಲೇ ಸಿಕ್ಕಿಕೊಳ್ಳಲೂಬಹುದು. "ನಂಬಬ್ಯಾಡ್ರಿ. ಒಂದನ್ನೂ ನಂಬಬ್ಯಾಡ್ರಿ." ಹೊಸದು ಕೊಡೋಣವೆಂದರೆ ಈ ವರ್ಷದ್ದು ಮುಗಿದಿತ್ತು, ಹೆಚ್ಚಿಗೆ ಬೇಕೆಂದರೆ ಕಲೆಕ್ಟರ್ ಕಚೇರಿಯ ಅನುಮತಿ ಬೇಕು, ಅದು ವಿಚಾರಣೆಯ ದಿನದೊಳಗೆ ಬರುವ ಮಾತಲ್ಲ.

ಮನೆಗೆ ಬಂದು ಅತ್ತೆಗೆ ಇವರು ಏನೂ ಹೇಳಲಿಲ್ಲ. ನಾನು ಹೇಳುತ್ತೇನೆಂದರೆ, "ಆಕಿಗೆ ಹೇಳಿದ್ರ ಆಕಿ ಉಣ್ಣೂದ್ ಬಿಡ್ತಾಳ" ಎಂದು ತಡೆದರು. ಮರುದಿನದಿಂದ ಅಂಗಡಿಯ ಬಾಗಿಲು ಮತ್ತೆ ಮುಚ್ಚಿತು.

ಕೋರ್ಟಿನ ದಿನ ನಾನು ಹೊರಗಿನ ಜಗಲಿಯಲ್ಲಿ ಕೂತಿದ್ದೆ. ಸತ್ತವನ ತಾಯಿ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದರು. ಒಳಗಿನ ಮಾತು ನನಗೆ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಇವರು ತೆಲುಗಿನಲ್ಲಿ, ಮಗ್ಗಿ ಒಪ್ಪಿಸುವ ದನಿಯಲ್ಲಿ ಹೇಳುತ್ತಿದ್ದರು: ದೂರದಿಂದ ನೋಡಿದ್ದು, ಧೂಳಿತ್ತು, ಬೆನ್ನು ಕಂಡಿತು, ಮುಖ ಕಾಣಲಿಲ್ಲ. ಸರ್ಕಾರಿ ವಕೀಲರು ಮತ್ತೆ ಮತ್ತೆ ಕೇಳಿದರು. ಮುಖ ಕಾಣಲಿಲ್ಲ, ಮುಖ ಕಾಣಲಿಲ್ಲ. ಆ ತಾಯಿ ಎದ್ದು ಸೆರಗು ಕೊಡವಿಕೊಂಡು, ಯಾರನ್ನೂ ನೋಡದೆ ಮೆಟ್ಟಿಲು ಇಳಿದು ಹೋದರು.

ತೋಟಾ ಚೆನ್ನಾಗಿದ್ದಿದ್ದರೆ ಇವರು ನಿಜ ಹೇಳುತ್ತಿದ್ದರೇ? ಹೇಳುತ್ತಿದ್ದರು ಎಂದು ನನಗೆ ಒಂದೊಂದು ದಿನ ಅನ್ನಿಸುತ್ತದೆ. ಒಂದೊಂದು ದಿನ, ಹಿಂಜರಿಯಲು ಇವರಿಗೊಂದು ನೆಪ ಬೇಕಿತ್ತು, ಹುಣಸೆಹಣ್ಣು ಆ ನೆಪವಾಯಿತು ಎನ್ನಿಸುತ್ತದೆ. ಗಂಡ ಜೀವಂತ ಮನೆಗೆ ಬಂದರಲ್ಲ ಎಂದು ಅವತ್ತು ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಆ ತಾಯಿ ಮೆಟ್ಟಿಲಿಳಿದು ಹೋದದ್ದು ರಾತ್ರಿಯವರೆಗೂ ನೆನಪಾಗಲಿಲ್ಲ.

ಕಡಿದವರಿಬ್ಬರೂ ಬಿಡುಗಡೆಯಾದರು. ಯಾರೂ ನಮ್ಮ ತಂಟೆಗೆ ಬರಲಿಲ್ಲ. ಬೇಸಿಗೆಯಲ್ಲಿ ಅವರಲ್ಲಿ ಒಬ್ಬ ಸುಟ್ಟ ಮೋಟಾರೊಂದನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ಅಂಗಡಿಗೇ ಬಂದ. "ಅಣ್ಣಾ, ಜಲ್ದಿ ಆಗ್ಬೇಕು" ಎಂದು ಇವರ ಹೆಗಲ ಮೇಲೆ ಕೈಯಿಟ್ಟನಂತೆ. ಇವರು ಇಡೀ ದಿನ ಕೂತು ತಂತಿ ಸುತ್ತಿಕೊಟ್ಟರು. ಮಾರನೆಯ ದಿನ ಲೈಸೆನ್ಸನ್ನೂ ಪಿಸ್ತೂಲನ್ನೂ ಠಾಣೆಗೆ ಒಪ್ಪಿಸಿ ಬಂದರು. ಪ್ರಾಣಭಯ ಇಲ್ಲವೇ ಎಂದು ಅಲ್ಲಿ ಕೇಳಿದರಂತೆ. ಇಲ್ಲ ಎಂದು ಹೇಳಿದರಂತೆ.

ಹೋದ ಶುಕ್ರವಾರ ತರಕಾರಿ ಮಾರ್ಕೆಟ್ಟಿನಲ್ಲಿ ಆ ತಾಯಿ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವರೇ ನಿಂತರು.

"ನಿನ್ ಗಂಡ ಚೆಂದಾಗದಾನೇನವ್ವ?"

"ಅದಾನವ್ವ," ಎಂದೆ.

"ಇರ್ಲಿ," ಎಂದರು. "ನನ್ ಮಗನ್ನ ಕಡೀಗೆ ನೋಡಿದ ಕಣ್ಣು ಅವು. ಚೆಂದಾಗಿರ್ಲಿ."