ದೆಹಲಿಗೆ ಹೋದ ಅರ್ಜಿ

ನಮ್ಮ ಮನೆತನದ ಹೆಣ್ಣುಮಗಳು ಲಾ ಪಾಸಾಗುವುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಅವರು ಹಾಗೆಂದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ. ಕಾರ್ಬನ್ ಕಾಗದದ ನೀಲಿ ಮೆತ್ತಿದ ಬೆರಳಿನಿಂದ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಬೆಳಗಿನ ಬ್ಯಾಚಿಗೆ ನನ್ನ ಹೆಸರು ಬರೆದುಕೊಳ್ಳುತ್ತಾ ಮೇಷ್ಟ್ರು ಹೇಳಿದರು: "ಪಾಸಾಗ್ಲಿ ಬಿಡ್ಲಿ, ಬೆರಳಾದ್ರೂ ಕಲೀಲಿ ಬಿಡಿ ಸ್ವಾಮಿ." ಆ ನೀಲಿ ಅವರ ಕಿವಿಗೂ ಅಂಟಿರುತ್ತಿತ್ತು.

ಎಂಬತ್ತರ ದಶಕದ ಮಾತಿದು. ಗೋವಿಂದರಾಜನಗರದಲ್ಲಿ ಸೈಕಲ್ ಶಾಪಿನ ಮೇಲೆ ಒಂದೇ ಕೋಣೆ, ಆರು ಮೆಷಿನ್ನು. ಮೇಷ್ಟ್ರು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷ ತೀರ್ಪುಗಳನ್ನು ಟೈಪ್ ಮಾಡಿ ನಿವೃತ್ತರಾಗಿದ್ದರು. ಅರ್ಜಿ ಬರೆಸಲು ಬಂದವರ ಕಥೆಯನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದರು: "ಇದು ಯಾರ ಟೇಬಲ್ಲಿಗೆ ಹೋಗ್ಬೇಕು?" ಅದು ತೀರ್ಮಾನವಾಗದೆ ಮೆಷಿನ್ನಿಗೆ ಹಾಳೆ ಏರಿಸುತ್ತಿರಲಿಲ್ಲ.

ನಾನು ಸಂಜೆ ಕಾಲೇಜಿನಲ್ಲಿ ಎರಡನೇ ವರ್ಷದ ಲಾ ಓದುತ್ತಿದ್ದಾಗ, ನಮ್ಮ ವಠಾರದಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಅಕ್ಕನೊಬ್ಬಳು ಮೇಷ್ಟ್ರ ಬಳಿ ಬಂದಳು. ಹೇರೋಹಳ್ಳಿಯ ಸೈಟಿನ ಜಗಳದಲ್ಲಿ ಅವಳ ತಮ್ಮ ಒಬ್ಬನನ್ನು ಕೊಂದು ಜೀವಾವಧಿ ಶಿಕ್ಷೆಯಲ್ಲಿದ್ದ. ಒಂಬತ್ತು ವರ್ಷವಾಗಿತ್ತು. ತಾಯಿ ಹಾಸಿಗೆ ಹಿಡಿದಿದ್ದಳು.

"ನಮ್ಮವ್ವ ಅವನ ಮುಖ ನೋಡಿ ಕಣ್ಮುಚ್ಲಿ ಮೇಷ್ಟ್ರೇ, ಅಷ್ಟೇ," ಎಂದು ಖಾಲಿ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿ ಕೆಲಸಕ್ಕೆ ಹೋದಳು.

ಮೇಷ್ಟ್ರು "ರಾಜ್ಯಪಾಲರಿಗೆ" ಎನ್ನುತ್ತಾ ಹಾಳೆ ಕೈಗೆತ್ತಿಕೊಂಡರು.

"ಯಾಕೆ ಸಾರ್? ಕ್ಷಮಾದಾನ ಕೊಡೋದು ರಾಷ್ಟ್ರಪತಿಗಳು. ಎಪ್ಪತ್ತೆರಡನೇ ವಿಧಿ."

"ಪೂರ್ತಿ ಓದಿದ್ಯಾ ಲಾಯರಮ್ಮ? ರಾಷ್ಟ್ರಪತಿಗೂ ಗಡಿ ಹಾಕವ್ರೆ. ಗಲ್ಲು ಆದ್ರೆ ಅವ್ರು, ಮಿಲಿಟರಿ ಕೋರ್ಟು ಆದ್ರೆ ಅವ್ರು, ಇಲ್ಲ ಕೇಂದ್ರದ ವ್ಯಾಪ್ತಿಗೆ ಬರೋ ಅಪರಾಧ ಆಗ್ಬೇಕು. ಆಗ್ಲೂ ಮಂತ್ರಿಮಂಡಲ ಹೇಳ್ದಂಗೆ ಸಹಿ. ಇದು ಜೀವಾವಧಿ, ಕೊಲೆ ಕೇಸು. ಇಲ್ಲೇ ಆಗ್ಬೇಕಾದ್ದು."

ಹಿಂದಿನ ವಾರವಷ್ಟೇ ಸಂವಿಧಾನದ ಪರೀಕ್ಷೆಯಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಎಂಬ ಜಂಬವೂ ಇತ್ತು.

"ನೀವು ನಕಲು ಮಾಡಿರೋದು ಸಾರ್. ನಾನು ಓದಿರೋದು," ಎಂದೆ.

ಓದಿದವರು ಹೇಳಿದ್ದನ್ನು ಜೀವಮಾನವಿಡೀ ಒಂದಕ್ಷರ ಬದಲಿಸದೆ ಟೈಪ್ ಮಾಡಿದ ಮನುಷ್ಯ ಅವರು. ಪುಸ್ತಕ ಹಿಡಿದವರೆದುರು ತನ್ನ ತಿಳಿವಳಿಕೆಯನ್ನೇ ಅನುಮಾನಿಸುತ್ತಿದ್ದರು. ಕುರ್ಚಿ ಬಿಟ್ಟು ಎದ್ದರು. "ಕೂತ್ಕೊ. ನೀನೇ ಹೊಡಿ."

ನಾನೇ ಹೊಡೆದೆ. ಅರ್ಜಿ ದೆಹಲಿಗೆ ಹೋಯಿತು.

ಏಳು ತಿಂಗಳ ಮೇಲೆ ಉತ್ತರ ಬಂತು: ಪ್ರಕರಣ ರಾಷ್ಟ್ರಪತಿಗಳ ಅಧಿಕಾರ ವ್ಯಾಪ್ತಿಗೆ ಸೇರುವುದಿಲ್ಲ, ರಾಜ್ಯ ಸರ್ಕಾರಕ್ಕೆ ಸಲ್ಲಿಸುವುದು. ಆ ರಾತ್ರಿ ವಿಧಿಯನ್ನು ಕೊನೆಯವರೆಗೆ ಓದಿದೆ. ಮೇಷ್ಟ್ರು ಹೇಳಿದ್ದಷ್ಟೂ ಅಲ್ಲಿತ್ತು. ಅವರು ಆಗಲೇ ಹೊಸ ಅರ್ಜಿ ಟೈಪ್ ಮಾಡಿ, ಅಕ್ಕನ ಹೆಬ್ಬೆಟ್ಟು ಒತ್ತಿಸಿ, ರಾಜ್ಯಪಾಲರ ಕಚೇರಿಗೆ ತಾವೇ ಹೋಗಿ ಕೊಟ್ಟು ಬಂದಿದ್ದರು. ಆರು ತಿಂಗಳಲ್ಲಿ ರಾಜ್ಯಪಾಲರ ಆದೇಶವಾಗಿ ಅಕ್ಕನ ತಮ್ಮ ಬಿಡುಗಡೆಯಾಗಿ ಮನೆಗೆ ಬಂದ. ತಾಯಿ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು.

ಅಕ್ಕ ಇನ್‌ಸ್ಟಿಟ್ಯೂಟಿಗೆ ಬಂದು ನಿಂತಳು. "ಎಲ್ಲಿಗೆ ಕಳಿಸ್ಬೇಕು ಅಂತ ಗೊತ್ತಿಲ್ದಿದ್ರೆ ಯಾಕೆ ಬರ್ಯಕ್ ಹೋದ್ರಿ? ನಮ್ಮವ್ವ ಬಾಗ್ಲು ನೋಡ್ಕಂಡೇ ಹೋದ್ಲು."

"ತಪ್ಪಾಯ್ತು ಕಣಮ್ಮ. ವಯಸ್ಸಾಯ್ತು ನಂಗೆ," ಎಂದರು ಮೇಷ್ಟ್ರು.

ನಾನು ಮೂರನೇ ಮೆಷಿನ್ನಿನ ಮುಂದೆ ಕೂತಿದ್ದೆ. ಬಾಯಿ ಬಿಡಲಿಲ್ಲ. ಸುದ್ದಿ ಬೀದಿಯಲ್ಲಿ ಹಬ್ಬಿ, ಮುದುಕರಿಗೆ ಮರೆವು ಬಂದಿದೆ ಎಂದು ಜನ ಅರ್ಜಿಗಳನ್ನು ಪಕ್ಕದ ವಿಜಯನಗರದ ಟೈಪಿಸ್ಟರ ಬಳಿಗೆ ಒಯ್ಯತೊಡಗಿದರು. ಮೇಷ್ಟ್ರು ಒಮ್ಮೆಯೂ ಆ ಮಾತೆತ್ತಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೇ ನಾನು ದಿನ ತಳ್ಳಿದೆ.

ನನ್ನ ಪದವಿ ಪ್ರಮಾಣಪತ್ರ ಕೈಗೆ ಬರುವಾಗ ಮೇಷ್ಟ್ರು ತೀರಿಕೊಂಡು ಮೂರು ತಿಂಗಳು. ಅದನ್ನು ಅವರ ಹೆಂಡತಿಯ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ನಂಗೆಲ್ಲಾ ಗೊತ್ತಮ್ಮ," ಎಂದರು. "ನಿಜ ಹೇಳ್ಬಾರ್ದಾ ಅಂತ ಅವ್ರನ್ನ ನಾನೇ ಬೈದಿದ್ದೆ. 'ನಂದು ಮುಗೀತು ಕಣೇ, ಅವಳ ಹತ್ರ ಇನ್ನೂ ಜನ ಬರ್ಬೇಕು' ಅಂದ್ರು." ಪ್ರಮಾಣಪತ್ರವನ್ನು ನನಗೆ ಹಿಂದಿರುಗಿಸಿದರು. "ಆ ಊದುಬತ್ತಿ ಹೆಂಗ್ಸಿಗೆ ಈಗ್ಲಾದ್ರೂ ಹೇಳಿದ್ಯೇನಮ್ಮ?"